ನೀರಿನ ಮಂತ್ರಿ: ಚಳ್ಳಕೆರೆ ಸೀಮೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯ ಪ್ರಕರಣ

2023ರ ಆಗಸ್ಟ್‌ನಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ಕೈಯಿಂದ ನಾನು ಒಂದು ಕೆಲಸ ಕಿತ್ತುಕೊಂಡೆ. ಶಾಲೆಯ ಕುಡಿಯುವ ನೀರು ನೋಡಿಕೊಳ್ಳುವ ಕೆಲಸ ಅದು. ಅವಳು ಚೆನ್ನಾಗಿಯೇ ಮಾಡುತ್ತಿದ್ದಳು. ನಾನು ಮಾಡಿದ್ದರೂ ಅಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಆದರೂ ಕಿತ್ತುಕೊಂಡು, ಕೈಗೆ ಗ್ರಂಥಾಲಯದ ಬೀರುವಿನ ಬೀಗದ ಕೈ ಕೊಟ್ಟು, "ಇದು ಅದಕ್ಕಿಂತ ದೊಡ್ಡ ಕೆಲಸ ಪುಟ್ಟಿ" ಎಂದೆ. ಅವಳು ಬೀಗದ ಕೈಯನ್ನು ನೋಡಲೇ ಇಲ್ಲ. "ನಾನು ಸರಿಯಾಗಿ ಮಾಡ್ಲಿಲ್ವಾ ಮಿಸ್?" ಅಂದಳು.

ಚಿಕ್ಕ ಮಕ್ಕಳಲ್ಲಿ ನಾಯಕತ್ವ ಬೆಳೆಸುವ ಬಗ್ಗೆ ತರಬೇತಿಗಳಲ್ಲಿ ಬಹಳ ಕೇಳಿದ್ದೇನೆ, ನಾನೂ ಎದ್ದುನಿಂತು ಮಾತಾಡಿದ್ದೇನೆ. ಆ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರ ಇರಲಿಲ್ಲ. ಆ ವರ್ಷ ನಮ್ಮ ಶಾಲೆಯಲ್ಲಿ ನಡೆದದ್ದನ್ನು, ನನ್ನ ತಪ್ಪನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ಮಕ್ಕಳ ಹೆಸರು, ಊರಿನ ಹೆಸರು ಬರೆದಿಲ್ಲ.

ಶಾಲೆ, ಊರು, ನೀರು

ನಮ್ಮದು ಒಂದರಿಂದ ಐದನೇ ತರಗತಿವರೆಗಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಆ ವರ್ಷ 38 ಮಕ್ಕಳಿದ್ದರು. ಶಿಕ್ಷಕರು ಇಬ್ಬರು, ನಾನು ಮತ್ತು ಹೆಡ್‌ಮಾಸ್ಟ್ರು. ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳ ಮೂಲಕ ಕಲಿಯುವ ನಲಿಕಲಿ ಕೊಠಡಿ ನನ್ನದು, ನಾಲ್ಕು ಮತ್ತು ಐದು ಅವರದು. ಅವರು ಮೀಟಿಂಗಿಗೋ ಬಿಲ್ಲಿನ ಕೆಲಸಕ್ಕೋ ಚಳ್ಳಕೆರೆಗೆ ಹೋದ ದಿನ ಐದೂ ತರಗತಿ ನನ್ನ ಪಾಲಿಗೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಇಂಥ ಶಾಲೆಯಲ್ಲಿ ಮಕ್ಕಳು ತಾವೇ ಒಂದಿಷ್ಟು ನಡೆಸಿಕೊಂಡು ಹೋಗದಿದ್ದರೆ ಮಧ್ಯಾಹ್ನದವರೆಗೂ ದಿನ ಸಾಗುವುದಿಲ್ಲ.

ಊರಿನವರು ಶೇಂಗಾ ಬೆಳೆಯುವವರು, ಕುರಿ ಸಾಕುವವರು, ಕೂಲಿಗೆ ಹೋಗುವವರು. 2023 ಬರದ ವರ್ಷ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ನಮ್ಮ ತಾಲ್ಲೂಕೂ ಆ ಪಟ್ಟಿಯಲ್ಲಿತ್ತು. ಬಿತ್ತಿದ ಶೇಂಗಾ ಹೂವಿಗೆ ಬರುವ ಹೊತ್ತಿಗೆ ಮಳೆ ಕೈಕೊಟ್ಟಿತ್ತು. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕಡೆಯ ಹಾಗೆ ನಮ್ಮಲ್ಲೂ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ದೊಡ್ಡವರು ನಕ್ಕರೆ ಹಲ್ಲಿನ ಮೇಲಿನ ಕಂದು ಗೆರೆ ಕಾಣುತ್ತದೆ. ಹಾಗಾಗಿ ಶಾಲೆಗೆ ಕುಡಿಯುವ ನೀರು ಬರುತ್ತಿದ್ದದ್ದು ಊರಿನ ಶುದ್ಧ ನೀರಿನ ಘಟಕದಿಂದ, ಕಾಯಿನ್ ಹಾಕಿ ಹಿಡಿದ 20 ಲೀಟರಿನ ಕ್ಯಾನಿನಲ್ಲಿ. ದಿನಕ್ಕೆ ಮೂರು ಕ್ಯಾನ್, ಅಂದರೆ 38 ಮಕ್ಕಳಿಗೆ 60 ಲೀಟರ್. ಅದನ್ನು ಮುಚ್ಚಳದ ಸ್ಟೀಲ್ ಡ್ರಮ್ಮಿಗೆ ಸುರಿಯುತ್ತಿದ್ದೆವು. ಡ್ರಮ್ಮಿನ ನಲ್ಲಿ ಸೋರುತ್ತಿತ್ತೆಂದು ಬಿರಡೆ ಹಾಕಿ ಮುಚ್ಚಿದ್ದೆವು. ಹೀಗಾಗಿ ಉದ್ದ ಹಿಡಿಯ ಸೌಟಿನಲ್ಲಿ ಯಾರಾದರೂ ತೋಡಿ ಲೋಟಕ್ಕೆ ಹಾಕಬೇಕಿತ್ತು. ಈ 'ಯಾರಾದರೂ' ಅನ್ನುವುದರಲ್ಲೇ ಮುಂದಿನ ತೊಡಕೆಲ್ಲ ಇತ್ತು.

ಅಡಿಪಟ್ಟಿಯ ಮಾನಿಟರ್

ಅದಕ್ಕೂ ಹಿಂದಿನ ವರ್ಷ ನಮ್ಮಲ್ಲಿ ನಾಯಕತ್ವ ಅಂದರೆ ಮಾನಿಟರ್. ಎತ್ತರ ಇದ್ದವನು, ಓದಿನಲ್ಲಿ ಮುಂದಿದ್ದವನು, ಗಂಟಲು ದೊಡ್ಡದಿದ್ದವನು. ನಾನೇ ಆರಿಸಿದ ಹುಡುಗ. ಮಾತಾಡಿದವರ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆಯುತ್ತಿದ್ದ, ಅವರು ಸುಮ್ಮನಾಗದಿದ್ದರೆ ಹೆಸರಿನ ಮುಂದೆ ಗೆರೆ ಎಳೆಯುತ್ತಿದ್ದ. ಕೈಯಲ್ಲಿ ಅಡಿಪಟ್ಟಿ ಇತ್ತು. ಅದನ್ನು ಕೊಟ್ಟವಳು ನಾನಲ್ಲ, ಆದರೆ ನೋಡಿಯೂ ಇಸಿದುಕೊಳ್ಳಲಿಲ್ಲ. ಅವನು ಇದ್ದ ದಿನ ಕೊಠಡಿ ನಿಶ್ಶಬ್ದ. ಜಾತ್ರೆಗೋ ಜ್ವರಕ್ಕೋ ಅವನು ಬಾರದ ದಿನ ಸಂತೆ. ಆ ನಿಶ್ಶಬ್ದವನ್ನು ನಾನು ಶಿಸ್ತು ಎಂದು ನಂಬಿದ್ದೆ.

ಇದು ನನ್ನೊಬ್ಬಳ ಅನುಭವವಲ್ಲ ಎಂದು ಆಮೇಲೆ ತಿಳಿಯಿತು. ಕರ್ಟ್ ಲೆವಿನ್ ಮತ್ತು ಅವರ ಜೊತೆಗಾರರಾದ ಲಿಪ್ಪಿಟ್, ವೈಟ್ ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗರ ಸಣ್ಣ ಗುಂಪುಗಳನ್ನು ಮಾಡಿ, ಕರಕುಶಲ ಕೆಲಸ ಕೊಟ್ಟು ನೋಡಿದ್ದರು. 1939ರಲ್ಲಿ ಅದು ಪ್ರಕಟವಾಯಿತು. ಒಂದು ಬಗೆಯ ಗುಂಪಿನಲ್ಲಿ ದೊಡ್ಡವರು ಹೇಳಿದ್ದೇ ಆಜ್ಞೆ. ಇನ್ನೊಂದರಲ್ಲಿ ಹುಡುಗರೂ ಕೂತು ಚರ್ಚಿಸಿ ತೀರ್ಮಾನ ಮಾಡುತ್ತಿದ್ದರು. ಮೂರನೆಯದರಲ್ಲಿ ದೊಡ್ಡವರು ಕೈಕಟ್ಟಿ ಕೂತಿದ್ದರು. ದೊಡ್ಡವರು ಕೊಠಡಿಯಿಂದ ಆಚೆ ಹೋದಾಗ ಆಜ್ಞೆಯ ಗುಂಪಿನ ಕೆಲಸ ನಿಂತುಹೋಗುತ್ತಿತ್ತು, ಚರ್ಚೆಯ ಗುಂಪಿನ ಕೆಲಸ ನಡೆದೇ ಇರುತ್ತಿತ್ತು. ಇದನ್ನು ಓದಿದಾಗ ನನಗೆ ಅಯೋವಾ ಕಾಣಲಿಲ್ಲ, ನಮ್ಮ ಹುಡುಗ ಜ್ವರದಲ್ಲಿ ಮಲಗಿದ್ದ ದಿನದ ನಮ್ಮ ಕೊಠಡಿ ಕಂಡಿತು. ಮೂರನೆಯ ಗುಂಪನ್ನೂ ಮರೆಯಬಾರದು. ಮಕ್ಕಳಿಗೆ ಸ್ವಾತಂತ್ರ್ಯ ಕೊಟ್ಟೆ ಎಂದು ಹೇಳಿ ಶಿಕ್ಷಕಿ ರಿಜಿಸ್ಟರ್ ಬರೆಯುತ್ತಾ ಕೂತರೆ ಅದೂ ನಾಯಕತ್ವ ಬೆಳೆಸುವ ದಾರಿಯಲ್ಲ.

ಸಂಸತ್ತು, ಮತ್ತು ಯಾರಿಗೂ ಬೇಡವಾದ ಖಾತೆ

2023ರ ಮೇ 10ರಂದು ವಿಧಾನಸಭೆ ಚುನಾವಣೆ ನಡೆದಾಗ ನಮ್ಮ ಶಾಲೆಯೇ ಮತಗಟ್ಟೆ. ಜೂನ್‌ನಲ್ಲಿ ಶಾಲೆ ಶುರುವಾದರೂ ಮಕ್ಕಳ ಬಾಯಲ್ಲಿ ಇನ್ನೂ ಅದೇ ಮಾತು. ಶಾಲಾ ಸಂಸತ್ತಿನ ಚುನಾವಣೆಯನ್ನು ಎಲ್ಲ ಶಾಲೆಗಳಂತೆ ನಾವೂ ಮಾಡುತ್ತೇವೆ. ಆ ಸಲ ಮಕ್ಕಳು ಬೆರಳಿಗೆ ಶಾಯಿ ಹಾಕಲೇಬೇಕೆಂದು ಹಟ ಹಿಡಿದು ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆಸಿಕೊಂಡರು. ಪ್ರಧಾನಮಂತ್ರಿ, ಆಹಾರ ಮಂತ್ರಿ, ಆರೋಗ್ಯ ಮಂತ್ರಿ, ಸ್ವಚ್ಛತಾ ಮಂತ್ರಿ, ಕ್ರೀಡಾ ಮಂತ್ರಿ. ಪ್ರಮಾಣವಚನ ಆಯಿತು, ಫೋಟೋ ಆಯಿತು, ಫೋಟೋ ಗ್ರೂಪಿಗೂ ಹೋಯಿತು. ಸಾಮಾನ್ಯವಾಗಿ ಅಲ್ಲಿಗೇ ಸಂಸತ್ತು ಮುಗಿಯುತ್ತದೆ. ಎದೆಯ ಮೇಲಿನ ರಟ್ಟಿನ ಬ್ಯಾಡ್ಜ್ ಹರಿದು ಹೋಗುವಷ್ಟರಲ್ಲಿ ಯಾರು ಯಾವ ಮಂತ್ರಿ ಎಂದು ನಮಗೇ ನೆನಪಿರುವುದಿಲ್ಲ.

ಈ ಸಲ ಹೀಗಾಗಬಾರದು ಎಂದು ಹೆಡ್‌ಮಾಸ್ಟ್ರು ಮತ್ತು ನಾನು ಒಂದು ತೀರ್ಮಾನಕ್ಕೆ ಬಂದೆವು. ಪ್ರತಿ ಖಾತೆಗೂ ದಿನವೂ ಆಗಲೇಬೇಕಾದ ಒಂದು ಕೆಲಸ ಇರಬೇಕು. ಆ ಮಗು ಮಾಡದಿದ್ದರೆ ಬೇರೆ ಮಕ್ಕಳಿಗೆ ತೊಂದರೆ ಆಗುವಂಥ ಕೆಲಸ. ಜೊತೆಗೆ ಪ್ರತಿ ಮಂತ್ರಿಯನ್ನೂ ಕೂರಿಸಿಕೊಂಡು ಮೂರು ಮಾತು ಕೇಳಿದೆವು: ನಿನ್ನ ಕೆಲಸದಲ್ಲಿ ಏನು ಕೆಡಬಹುದು? ಕೆಟ್ಟರೆ ಯಾರ ಹತ್ತಿರ ಹೋಗುತ್ತೀಯಾ? ಯಾವುದನ್ನು ನಮ್ಮನ್ನು ಕೇಳದೆ ನೀನೇ ತೀರ್ಮಾನ ಮಾಡಬಹುದು? ಮೊದಲ ಎರಡಕ್ಕೆ ಮಕ್ಕಳು ಪಟಪಟ ಹೇಳಿದರು. ಮೂರನೆಯದಕ್ಕೆ ಎಲ್ಲರೂ ನಮ್ಮ ಮುಖ ನೋಡಿದರು. ನೀನೇ ತೀರ್ಮಾನ ಮಾಡು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನೀರಿನ ಖಾತೆಗೆ ಯಾರೂ ಕೈ ಎತ್ತಲಿಲ್ಲ. ಆಟದ ಹೊತ್ತಿನಲ್ಲಿ ಡ್ರಮ್ಮಿನ ಹತ್ತಿರ ನಿಲ್ಲಬೇಕಲ್ಲ. ಕೊನೆಗೆ ನಾಲ್ಕನೇ ತರಗತಿಯ, ದಲಿತರ ಕಾಲೋನಿಯಿಂದ ಬರುವ ಹುಡುಗಿ "ನಾ ಮಾಡ್ತೀನಿ ಮಿಸ್" ಅಂದಳು. ಅವಳು ಮಾತು ಕಡಿಮೆ. ಪ್ರಶ್ನೆ ಕೇಳಿದರೆ ಉತ್ತರ ಬರುವ ಮೊದಲೇ ನಾನು ಪಕ್ಕದವರ ಕಡೆ ತಿರುಗಿರುತ್ತಿದ್ದೆ. ಇದೂ ಅಧ್ಯಯನವಾಗಿರುವ ವಿಷಯ. ಮೇರಿ ಬಡ್ ರೋವ್ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಮಾತುಕತೆಯನ್ನು ಅಳೆದು ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸರಾಸರಿ ಒಂದು ಸೆಕೆಂಡ್ ಮಾತ್ರ ಎಂದು ಕಂಡಿತು. ಆ ಒಂದನ್ನು ಮೂರು ಮಾಡಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುತ್ತಿದ್ದವರೂ ಬಾಯಿ ಬಿಡುತ್ತಾರೆ. ನಾನು ಜೂನ್‌ನಿಂದ ಮನಸ್ಸಿನಲ್ಲೇ ಮೂರು ಎಣಿಸುವುದನ್ನು ಅಭ್ಯಾಸ ಮಾಡಿಕೊಂಡೆ. ಹೇಳುವುದು ಸುಲಭ, ಮೂವತ್ತೆಂಟು ಮಕ್ಕಳ ಎದುರು ನಿಂತಾಗ ಮೂರು ಸೆಕೆಂಡ್ ಬಹಳ ಉದ್ದ.

ಅವಳು ಮಾಡಿದ್ದು

ಮೊದಲ ವಾರ ಅವಳೂ ಕೂಗಾಡಿದಳು. ಮಾನಿಟರ್ ಹೇಗೆ ಕೂಗುತ್ತಿದ್ದನೋ ಹಾಗೆಯೇ. ಮಕ್ಕಳಿಗೆ ನಾಯಕರೆಂದರೆ ಕಂಡದ್ದು ಅಷ್ಟೇ ತಾನೆ. ಎರಡನೇ ವಾರ ಒಂದು ಸಮಸ್ಯೆ ತಂದಳು: "ಮಿಸ್, ಎರಡು ಗಂಟೆಗೆಲ್ಲ ನೀರು ಖಾಲಿ ಆಗ್ತೈತೆ. ಒಂದ್ನೇ ಕ್ಲಾಸಿನೋರು ಸಂಜೆ ಅಳ್ತಾರೆ." ಯಾಕೆ ಖಾಲಿ ಆಗುತ್ತದೆ ಎಂದು ಕೇಳಿದೆ. ಮೂರು ಎಣಿಸಿದೆ, ಹತ್ತು ಎಣಿಸಿದೆ. "ನೋಡಿ ಹೇಳ್ತೀನಿ" ಎಂದು ಹೋದಳು.

ಅವಳು ನೋಡಿದ್ದು ಹೀಗೆ. ಡ್ರಮ್ಮಿನ ಹೊರಮೈಗೆ ಚಾಕ್‌ಪೀಸಿನಲ್ಲಿ ಗೆರೆ ಹಾಕಿದಳು. ಬೆಳಿಗ್ಗೆ ತುಂಬಿದಾಗ ಒಂದು, ಹಾಲು ಕುಡಿದ ಮೇಲೆ ಒಂದು, ಊಟದ ಮುಂಚೆ ಒಂದು, ಊಟದ ಮೇಲೆ ಒಂದು. ಒಳಗಿನ ನೀರಿನ ಮಟ್ಟವನ್ನು ಸೌಟಿನ ಹಿಡಿ ಅದ್ದಿ ಅಳೆಯುತ್ತಿದ್ದಳು. ನಾಲ್ಕು ದಿನಕ್ಕೆ ಗೊತ್ತಾಯಿತು: ಕುಡಿಯುವುದಕ್ಕೆ ಹೋಗುವ ನೀರು ಕಡಿಮೆ. ಹಾಲು ಕುಡಿದ ಲೋಟ ಮತ್ತು ಊಟದ ತಟ್ಟೆ ತೊಳೆಯಲು ಐದನೇ ತರಗತಿಯವರು ಇದೇ ಡ್ರಮ್ಮಿನ ನೀರನ್ನು ಬಳಸುತ್ತಿದ್ದರು, ಯಾಕೆಂದರೆ ಸಂಪಿನ ನಲ್ಲಿ ಬಿಸಿಲಿನಲ್ಲಿತ್ತು. ಊಟದ ಮುಂಚಿನ ಗೆರೆಗೂ ಆಮೇಲಿನ ಗೆರೆಗೂ ಒಂದು ಗೇಣು ಅಂತರ. ಆ ಗೇಣನ್ನು ಅವಳು ಕೈಯಿಟ್ಟು ತೋರಿಸಿದಳು.

ಶನಿವಾರ ಬೆಳಗಿನ ಶಾಲೆ. ಕೊನೆಯ ಅರ್ಧ ಗಂಟೆ ಎಲ್ಲ ಮಕ್ಕಳೂ ಸುತ್ತ ಕೂರುವ ಕೂಟ ಇಟ್ಟುಕೊಂಡಿದ್ದೆವು. ಪ್ರತಿ ಮಂತ್ರಿಯೂ ಆ ವಾರ ತನ್ನ ಕೆಲಸದಲ್ಲಿ ಕೆಟ್ಟ ಒಂದು ಸಂಗತಿಯನ್ನು ಹೇಳಬೇಕು. ಒಳ್ಳೆಯದನ್ನು ಹೇಳಿ ಎಂದರೆ ಮಕ್ಕಳು ನಮಗೆ ಬೇಕಾದ್ದನ್ನೇ ಹೇಳುತ್ತಾರೆ, ಕೆಟ್ಟದ್ದನ್ನು ಹೇಳಿ ಎಂದರೆ ಯೋಚಿಸುತ್ತಾರೆ. ಅಲ್ಲಿ ಅವಳು ಗೇಣಿನ ಲೆಕ್ಕ ಹೇಳಿ ಮೂರು ನಿಯಮ ಹಾಕಿದಳು: ತಟ್ಟೆ ಲೋಟ ತೊಳೆಯುವುದು ಸಂಪಿನ ನಲ್ಲಿಯಲ್ಲಿ, ನೀರಿಗೆ ಮೊದಲು ಒಂದನೇ ತರಗತಿ, ಕೊನೆಗೆ ಐದನೇ ತರಗತಿ, ಲೋಟದಲ್ಲಿ ಮಿಕ್ಕ ನೀರನ್ನು ಚೆಲ್ಲಬಾರದು, ಬೇವಿನ ಗಿಡದ ಬುಡಕ್ಕೆ ಹಾಕಬೇಕು. ಐದನೇ ತರಗತಿಯವರು ಬಿಸಿಲಿನ ತಕರಾರು ತೆಗೆದರು. ಅವಳು ಮೆತ್ತಗೆ, "ಬಿಸ್ಲಿಗೆ ಗೋಣಿಚೀಲ ಕಟ್ಟಣ. ನೀರು ಎಲ್ಲಿಂದ ತರಣ?" ಅಂದಳು. ಸೋಮವಾರ ಗೋಣಿಚೀಲದ ಚಪ್ಪರ ಬಂತು. ಕಟ್ಟಿದವರು ತಕರಾರು ತೆಗೆದ ಹುಡುಗರೇ.

ಒಂದು ದಿನ ಹೆಡ್‌ಮಾಸ್ಟ್ರು ಲೋಟ ಹಿಡಿದು ನೇರ ಡ್ರಮ್ಮಿನ ಬಳಿ ಹೋದಾಗ, "ಸಾರ್, ಎರಡ್ನೇ ಕ್ಲಾಸಿನೋರು ಆಗ್ಲಿ" ಎಂದು ನಿಲ್ಲಿಸಿದಳು. ಅವರು ನಿಂತರು. ಮೂವತ್ತು ವರ್ಷದ ಸರ್ವಿಸಿನಲ್ಲಿ ಒಬ್ಬ ಶಿಕ್ಷಕರು ಮಕ್ಕಳಿಗೆ ಕಲಿಸಿದ ದೊಡ್ಡ ಪಾಠಗಳಲ್ಲಿ ಇದೂ ಒಂದು ಎಂದು ನನ್ನ ನಂಬಿಕೆ. ಅವರು ನಗದೆ, ಗದರದೆ, ಸಾಲಿನ ಕೊನೆಗೆ ಹೋಗಿ ನಿಂತರು. ಆ ಮಧ್ಯಾಹ್ನದಿಂದ ಸಾಲಿನಲ್ಲಿ ನುಗ್ಗುವುದು ನಿಂತುಹೋಯಿತು.

ಅಜ್ಜಿ ಬಂದರು

ಆಗಸ್ಟ್ ಎರಡನೇ ವಾರ ಮೂರನೇ ತರಗತಿಯ ಹುಡುಗನೊಬ್ಬನ ಅಜ್ಜಿ ಶಾಲೆಯ ಗೇಟಿಗೆ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. "ಅಲ್ಲಾ ಮೇಡಮ್ಮ, ನೀರು ಕೊಡಾಕೆ ಊರಾಗೆ ಬ್ಯಾರೆ ಮಕ್ಳು ಇರ್ಲಿಲ್ವಾ?" ಅಂದರು. ದನಿ ಏರಿಸಲಿಲ್ಲ. ಅದೇ ಹೆಚ್ಚು ಕಷ್ಟ. ನನ್ನ ಅಜ್ಜಿಯ ವಯಸ್ಸಿನವರು, ಹೆರಿಗೆ ಬಾಣಂತನಕ್ಕೆ ಊರಿಗೆಲ್ಲ ಆಗಿ ಬರುವವರು, ನನಗೂ ಎರಡು ಸಲ ಸೊಪ್ಪು ಕೊಟ್ಟು ಕಳಿಸಿದವರು. "ನಾವು ಯಾರ್ಗೂ ಕೆಟ್ಟದ್ ಬಯ್ಸಲ್ಲ. ನಮ್ ಹುಡ್ಗ ಕುಡಿಯಲ್ಲ, ಅಷ್ಟೇಯ" ಎಂದು ಹೇಳಿ ಹೋದರು. ಮಾರನೇ ದಿನ ಇನ್ನೂ ಎರಡು ಮನೆಯವರು ಅದೇ ಮಾತನ್ನು ಬೇರೆಯವರ ಕೈಲಿ ಹೇಳಿ ಕಳಿಸಿದರು.

ಆ ಹೊತ್ತಿಗೆ ನನಗೆ ಕಾನೂನು ಗೊತ್ತಿರಲಿಲ್ಲ ಎಂದಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ನಿಷೇಧಿಸಿದೆ ಎಂದು ಬೋರ್ಡಿನ ಮೇಲೆ ಬರೆಸಿದವಳು ನಾನೇ. ಶಾಲೆಯಲ್ಲಿ ಯಾವ ಮಗುವಿನ ಮೇಲೂ ತಾರತಮ್ಯ ಆಗದಂತೆ ನೋಡಿಕೊಳ್ಳುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರದ ಕರ್ತವ್ಯ, ಅಂದರೆ ಶಾಲೆಯಲ್ಲಿ ನನ್ನ ಕರ್ತವ್ಯ. ಗೊತ್ತಿತ್ತು. ಆದರೂ ಜಗಳ ಆಗುತ್ತದೆ, ದಾಖಲಾತಿ ಕಡಿಮೆಯಾಗುತ್ತದೆ, ಮಗುವಿಗೇ ನೋವಾಗುತ್ತದೆ ಎಂದೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡು ಅವಳ ಕೈಗೆ ಬೀಗದ ಕೈ ಕೊಟ್ಟೆ. ಸೌಟನ್ನು ಐದನೇ ತರಗತಿಯ ಬೇರೊಬ್ಬ ಹುಡುಗನಿಗೆ ಕೊಟ್ಟೆ.

ಮುಂದಿನ ಒಂಬತ್ತು ದಿನ ನಾನು ನೋಡಿದ್ದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಈ ಪ್ರಕರಣದಲ್ಲಿ ನಾನು ಕಲಿತದ್ದೆಲ್ಲ ಆ ದಿನಗಳಲ್ಲಿದೆ. ಅವಳು ಅಳಲಿಲ್ಲ, ರಜೆ ಹಾಕಲಿಲ್ಲ, ಬೀರು ತೆಗೆದು ಪುಸ್ತಕ ಜೋಡಿಸಿದಳು. ಕೂಟದಲ್ಲಿ "ಏನೂ ಕೆಟ್ಟಿಲ್ಲ ಮಿಸ್" ಅಂದಳು. ಡ್ರಮ್ಮಿನ ಗೆರೆಗಳು ಅಳಿಸಿಹೋದವು. ಇಷ್ಟನ್ನು ನಾನು ನಿರೀಕ್ಷಿಸಿದ್ದೆ. ನಿರೀಕ್ಷಿಸದೇ ಇದ್ದದ್ದು ಉಳಿದ ಮಕ್ಕಳದ್ದು. ಆಹಾರ ಮಂತ್ರಿ ಅಲ್ಲಿಯವರೆಗೆ ಅಡುಗೆಯಮ್ಮನ ಹತ್ತಿರ ಹೋಗಿ "ಇವತ್ತು ಸಾರಿಗೆ ಉಪ್ಪು ಜಾಸ್ತಿ ಆಗೈತೆ" ಎಂದು ಹೇಳುತ್ತಿದ್ದವನು, ಆ ವಾರ ಉಪ್ಪಿಲ್ಲದ ಪಲ್ಯಕ್ಕೂ ಸುಮ್ಮನಿದ್ದ. ಸ್ವಚ್ಛತಾ ಮಂತ್ರಿ ಪ್ರತಿಯೊಂದಕ್ಕೂ ನನ್ನನ್ನು ಕೇಳಲು ಶುರು ಮಾಡಿದಳು: ಮಿಸ್ ಗುಡಿಸ್ಲಾ, ಮಿಸ್ ಕಸ ಎಲ್ಲಿಗೆ ಹಾಕ್ಲಿ. ಜಾತಿಯ ಕಾರಣ ಎಲ್ಲ ಮಕ್ಕಳಿಗೂ ಅರ್ಥವಾಗಿತ್ತೋ ಇಲ್ಲವೋ. ದೊಡ್ಡವರು ಬಂದು ಗೊಣಗಿದರೆ ಮಿಸ್ ಕೆಲಸ ವಾಪಸ್ ತಗೊಳ್ತಾರೆ ಎಂಬುದು ಮಾತ್ರ ಎಲ್ಲರಿಗೂ ಅರ್ಥವಾಗಿತ್ತು. ಒಬ್ಬಳಿಗೆ ಮಾಡಿದ್ದು ಮೂವತ್ತೆಂಟು ಮಕ್ಕಳಿಗೂ ಪಾಠವಾಗಿತ್ತು. ಜವಾಬ್ದಾರಿ ಕೊಟ್ಟರೆ ಮಗು ಬೆಳೆಯುತ್ತದೆ ಎಂದು ನಾವು ಹೇಳುತ್ತೇವೆ. ಆ ಜವಾಬ್ದಾರಿಗೆ ಪೆಟ್ಟು ಬಿದ್ದಾಗ ದೊಡ್ಡವರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಮಗು ನೋಡುತ್ತಿರುತ್ತದೆ. ಮುಂದೆ ಬಾಯಿ ಬಿಡಬೇಕೋ ಬೇಡವೋ ಎಂದು ಅಲ್ಲಿಂದಲೇ ತೀರ್ಮಾನಿಸುತ್ತದೆ.

ವಾಪಸ್ ಕೊಟ್ಟದ್ದು

ಹೆಡ್‌ಮಾಸ್ಟ್ರಿಗೆ ಒಂದು ಸಂಜೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಮೇಡಂ, ನಾಳೆಯಿಂದ ಎಲ್ಲರಿಗೂ ಸರದಿ ಮಾಡಿಬಿಡಣ, ವಾರಕ್ಕೊಬ್ಬರು. ಯಾರೂ ಮಾತಾಡೋ ಹಂಗಿಲ್ಲ" ಅಂದರು. ಸರದಿ ಒಳ್ಳೆಯದೇ. ಆದರೆ ಆಗಲೇ ಮಾಡಿದರೆ ಅದು ಅವಳನ್ನು ಗುಂಪಿನಲ್ಲಿ ಬಚ್ಚಿಟ್ಟ ಹಾಗೆ ಆಗುತ್ತಿತ್ತು. ಅವಳಿಂದ ತಗೊಂಡದ್ದನ್ನು ಮೊದಲು ಅವಳಿಗೇ, ಎಲ್ಲರ ಎದುರು ಕೊಡಬೇಕು. ಸರದಿ ದಸರಾ ರಜೆಯ ಮೇಲೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರಿಗೆ ಅವರೇ ಹೇಳಿದರು.

ಕಾಲೋನಿಗೆ ಹೋಗಿ ಹುಡುಗಿಯ ತಾಯಿಯನ್ನು ಕಂಡೆ. ಆಕೆ ನನ್ನ ಕ್ಷಮೆಯನ್ನು ಕೇಳಿಸಿಕೊಳ್ಳಲೇ ಇಲ್ಲ. "ಹೋಗ್ಲಿ ಬಿಡ್ರಿ ಮೇಡಂ. ಅವ್ರ ಹೊಲಕ್ಕೇ ನಾನು ಕಳೆ ಕೀಳಾಕೆ ಹೋಗೋದು" ಅಂದರು. ನಾನು ಅಲ್ಲಿಯವರೆಗೆ ಯೋಚಿಸದೇ ಇದ್ದ ವಿಷಯ ಅದು. ಧೈರ್ಯ ಮಾಡು ಎಂದು ಮಗುವಿಗೆ ನಾವು ಸುಲಭವಾಗಿ ಹೇಳುತ್ತೇವೆ. ಅದರ ಬೆಲೆ ಕೊಡುವವರು ಮನೆಯವರು. ನನ್ನದೇ ತೀರ್ಮಾನ ಎಂದು ಊರಿಗೆ ನಾನು ಹೇಳುತ್ತೇನೆ, ಮಗಳು ಕೇಳಿದ್ದು ಎಂದು ಯಾರೂ ಅನ್ನಬಾರದು ಎಂದೆ. ತಾಯಿ ಮಗಳ ಕಡೆ ನೋಡಿದರು. "ನಾನೇ ಕೊಡ್ತೀನಮ್ಮ" ಅಂದಳು ಹುಡುಗಿ. ತಾಯಿ ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಆ ಮೌನವನ್ನು ಒಪ್ಪಿಗೆ ಎಂದುಕೊಂಡದ್ದು ಸರಿಯೋ ಅಲ್ಲವೋ, ಇವತ್ತಿಗೂ ನನಗೆ ಅನುಮಾನವಿದೆ.

ಮಾರನೇ ದಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತು ಹೇಳಿದೆ: "ಇವಳು ನೀರಿನ ಕೆಲಸ ಸರಿಯಾಗಿ ಮಾಡುತ್ತಿದ್ದಳು. ನಾನು ತಪ್ಪು ಮಾಡಿ ಅದನ್ನು ತಗೊಂಡೆ. ಇವತ್ತು ವಾಪಸ್ ಕೊಡುತ್ತಿದ್ದೇನೆ." ಸೌಟು ಕೊಟ್ಟೆ. ಚಪ್ಪಾಳೆ ಹೊಡೆಸಲಿಲ್ಲ. ಅವಳು ಮೊದಲು ಮಾಡಿದ ಕೆಲಸ ಡ್ರಮ್ಮಿಗೆ ಗೆರೆ ಹಾಕಿದ್ದು.

ಅಜ್ಜಿಯ ಮನೆಗೆ ಆ ಸಂಜೆಯೇ ಹೋದೆ. ಕಾನೂನಿನ ಮಾತನ್ನು ಹೇಳಿದೆ, ಬೆದರಿಕೆಯಾಗಿ ಅಲ್ಲ, ನನ್ನ ಕೈ ಕಟ್ಟಿರುವುದು ಯಾವುದು ಎಂದು ತಿಳಿಯಲಿ ಅಂತ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಒಕ್ಕಲು ಅವರು. ಬಾಗಿಲ ಮೇಲೆ 'ಮಾಡಿದಷ್ಟು ನೀಡು ಭಿಕ್ಷೆ' ಎಂದು ಬರೆದಿತ್ತು. ಆ ಮಾತನ್ನು ಹಿಡಿದು ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಅವರ ದೇವರ ಮಾತನ್ನು ಅವರ ಮೇಲೇ ಎತ್ತಿ ಆಡುವುದು ಸರಿ ಅನ್ನಿಸಲಿಲ್ಲ. "ಶಾಲೇಲಿ ನೀವೇನಾರ ಮಾಡ್ಕಳ್ರಿ. ನಮ್ ಹುಡ್ಗ ಬಾಟ್ಲಿ ತರ್ತಾನೆ" ಅಂದರು. ನಾಲ್ಕು ದಿನ ಹುಡುಗ ಶಾಲೆಗೇ ಬರಲಿಲ್ಲ. ಐದನೇ ದಿನ ಒಂದು ಲೀಟರಿನ ಬಾಟಲಿ ಹಿಡಿದು ಬಂದ.

ಒಂದು ಲೀಟರ್ ಎಷ್ಟು ಹೊತ್ತು ಬರುತ್ತದೆ? ಸೆಪ್ಟೆಂಬರಿನಲ್ಲೂ ಬೇಸಿಗೆಯ ಬಿಸಿಲಿತ್ತು. ಖೋಖೋ ಆಡಿ ಬಂದ ಒಂದು ಮಧ್ಯಾಹ್ನ ಅವನ ಬಾಟಲಿ ಖಾಲಿ. ಸಾಲಿನ ಕೊನೆಯಲ್ಲಿ ನಿಂತಿದ್ದನ್ನು ನಾನು ನಲಿಕಲಿ ಕೊಠಡಿಯ ಕಿಟಕಿಯಿಂದ ನೋಡಿದೆ. ಅವಳು ಎಲ್ಲರಿಗೂ ಹಾಕಿದ ಹಾಗೆ ಅವನ ಲೋಟಕ್ಕೂ ಹಾಕಿದಳು. ಅವನು ಕುಡಿದು ಇನ್ನೊಮ್ಮೆ ಲೋಟ ಚಾಚಿದ. "ಎರಡ್ನೇ ಸಲ ಅಂದ್ರೆ ಲೈನಿನ ಹಿಂದೆ ಹೋಗು" ಅಂದಳು. ಅವನು ಹೋದ.

ಓಬವ್ವನ ದಿನ

ನವೆಂಬರ್ 11ರಂದು ಒನಕೆ ಓಬವ್ವ ಜಯಂತಿ. 2021ರಿಂದ ಸರ್ಕಾರವೇ ಆಚರಿಸುತ್ತಿದೆ. ದುರ್ಗದ ಜಿಲ್ಲೆಯ ಮಕ್ಕಳಿಗೆ ನಾಯಕತ್ವ ಅಂದರೆ ಮೊದಲು ಕಣ್ಣಿಗೆ ಬರುವುದೇ ಒನಕೆ. ಪ್ರತಿ ವರ್ಷ ಕಥೆ ಹೇಳುತ್ತಿದ್ದ ಹಾಗೆ ಆ ವರ್ಷವೂ ಹೇಳಿದೆ. ಕಾವಲುಗಾರ ಗಂಡ ಊಟಕ್ಕೆ ಕೂತ, ಓಬವ್ವ ನೀರು ತರಲು ತಣ್ಣೀರು ದೋಣಿಯ ಕಡೆಗೆ ಹೋದಳು, ಕಿಂಡಿಯಿಂದ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುವುದನ್ನು ಕಂಡಳು. ಎರಡನೇ ತರಗತಿಯ ಒಂದು ಮಗು, "ನೀರಿಗೆ ಹೋಗಿದ್ಕೇ ಅಲ್ವಾ ಮಿಸ್ ಕಾಣ್ಸಿದ್ದು?" ಅಂತು. ಹೌದಲ್ಲ ಎಂದು ನನಗೂ ಆಗಲೇ ಹೊಳೆಯಿತು. ಅವಳಿಗೆ ಯಾರೂ ಕಾವಲಿನ ಕೆಲಸ ಕೊಟ್ಟಿರಲಿಲ್ಲ. ನೀರಿನ ಕೆಲಸಕ್ಕೆ ಹೋದವಳು ಕಣ್ಣು ಬಿಟ್ಟು ನೋಡಿದಳು, ಕೈಗೆ ಸಿಕ್ಕ ಒನಕೆ ಹಿಡಿದಳು, ಗಂಡನ ಊಟ ಮುಗಿಯಲಿ ಎಂದು ಕಾಯಲಿಲ್ಲ.

"ಓಬವ್ವ ಯಾವ ಜನ ಮಿಸ್?" ಎಂದು ಯಾರೋ ಕೇಳಿದರು. ಹಿಂದಿನ ವರ್ಷಗಳಲ್ಲಿ ಈ ಪ್ರಶ್ನೆಯನ್ನು ನಾನು ಜಾರಿಸುತ್ತಿದ್ದೆ. ಈ ಸಲ, "ಛಲವಾದಿ ಮನೆತನದ ಹೆಣ್ಣುಮಗಳು" ಎಂದೆ. ಕಾಲೋನಿಯ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಬ್ಬ, "ಹಂಗಾರೆ ಕೋಟೆಯೋರೆಲ್ಲ ಆಯಮ್ಮ ತಂದ ನೀರು ಕುಡೀತಿದ್ರಾ?" ಅಂದ. ಅವಳ ಗಂಡ ಕುಡಿಯುತ್ತಿದ್ದ, ಅವಳು ಕಾಪಾಡಿದ ಕೋಟೆಯೊಳಗೆ ಎಲ್ಲರೂ ಇದ್ದರು ಎಂದಷ್ಟೇ ಹೇಳಿದೆ.

ಒಪ್ಪಿಸುವ ವಾರ

ದಸರಾ ರಜೆಯ ನಂತರ ಎಲ್ಲ ಕೆಲಸವೂ ಸರದಿಗೆ ಬಂದಿತ್ತು. ಅದರಲ್ಲಿ ನನಗೆ ಹೆಚ್ಚು ಬೆಲೆಬಾಳುವುದು ಅನ್ನಿಸಿದ್ದು ಕೆಲಸ ಒಪ್ಪಿಸುವ ಮೂರು ದಿನ. ಕೆಲಸ ಬಿಡುವವರು ಹೊಸಬರ ಜೊತೆ ನಿಂತು ಕಲಿಸಬೇಕು. ಮೊದಲ ದಿನ ಮಾಡಿ ತೋರಿಸುವುದು, ಎರಡನೇ ದಿನ ಕೂಡಿ ಮಾಡುವುದು, ಮೂರನೇ ದಿನ ಕೈ ಹಿಂದೆ ಕಟ್ಟಿ ನೋಡುವುದು. ನಲಿಕಲಿಯಲ್ಲಿ ಶಿಕ್ಷಕರ ಸಹಾಯದ ಗುಂಪಿನಿಂದ ಗೆಳೆಯರ ಸಹಾಯದ ಗುಂಪಿಗೆ, ಅಲ್ಲಿಂದ ಸ್ವಕಲಿಕೆಗೆ ಮಗು ಹೋಗುವ ಕ್ರಮವೇ ಇದು. ನಮ್ಮ ಮಕ್ಕಳಿಗೆ ಅದು ಒಂದನೇ ತರಗತಿಯಿಂದ ರೂಢಿ. ನಾನು ಅದನ್ನು ಕಾರ್ಡುಗಳ ಆಚೆಗೆ ಬಳಸಬಹುದೆಂದು ಯೋಚಿಸಿರಲಿಲ್ಲ. ಕೋಲಾರ ಜಿಲ್ಲೆಯಲ್ಲಿ 1972ರಲ್ಲಿ ಡೇವಿಡ್ ಹಾರ್ಸ್‌ಬರೋ ಶುರು ಮಾಡಿದ ನೀಲ್‌ಬಾಗ್ ಶಾಲೆಯಲ್ಲಿ ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವುದು ದಿನದ ಭಾಗವೇ ಆಗಿತ್ತು, ಸ್ಪರ್ಧೆ ಎಂಬುದಿರಲಿಲ್ಲ.

ನೀರಿನ ಸರದಿ ಅವಳಿಂದ ಹೋದದ್ದು ಹಳೆಯ ಮಾನಿಟರ್‌ಗೆ. ಅವನೀಗ ಐದನೇ ತರಗತಿ. ಎರಡನೇ ದಿನವೇ ಒಂದನೇ ತರಗತಿಯ ಮಗುವಿನ ತಲೆಗೆ ಸೌಟಿನ ಹಿಡಿಯಿಂದ ತಟ್ಟಿದ. ಅವಳು ಸೌಟು ಇಸಿದುಕೊಂಡು, "ನೀನು ಹೊಡೆದ್ರೆ ಅವ್ನು ನಾಳೆ ನೀರಿಗೇ ಬರಲ್ಲ" ಅಂದಳು. ಅವನು ನನ್ನ ಹತ್ತಿರ ಬಂದು, "ಕೇಳ್ದಿದ್ರೆ ಏನ್ ಮಾಡ್ಬೇಕು ಮಿಸ್?" ಎಂದು ಕೇಳಿದ. ಪಾಪ, ಹಿಂದಿನ ವರ್ಷ ಆ ಪ್ರಶ್ನೆ ಕೇಳುವ ಅವಕಾಶವನ್ನೇ ನಾನು ಅವನಿಗೆ ಕೊಟ್ಟಿರಲಿಲ್ಲ. ಅವಳನ್ನೇ ಕೇಳು ಎಂದೆ. ಅವನು ಪೂರ್ತಿ ಬದಲಾದ ಎಂದು ಹೇಳಲಾರೆ; ಗಂಟಲು ಈಗಲೂ ದೊಡ್ಡದೇ. ಅಡಿಪಟ್ಟಿ ಮಾತ್ರ ಹೋಯಿತು.

ಎಲ್ಲ ಮಕ್ಕಳಿಗೂ ಇದು ಒಗ್ಗಲಿಲ್ಲ. ಎರಡನೇ ತರಗತಿಯ ಒಬ್ಬ ಹುಡುಗ ಗಂಟೆ ಹೊಡೆಯುವ ಕೆಲಸ ಬಂದಾಗ ಅತ್ತ. ಮೂರು ವಾರ ಬಿಟ್ಟು ಮತ್ತೆ ಕೇಳಿದೆವು, ಮತ್ತೆ ಅತ್ತ. ಬಿಟ್ಟೆವು. ಎಲ್ಲ ಮಗುವೂ ಮುಂದೆ ನಿಲ್ಲಲೇಬೇಕು ಎಂಬ ಹಟ ನಮ್ಮದಾಗಬಾರದು.

ಆ ಚಳಿಗಾಲದ ಮಕ್ಕಳ ಗ್ರಾಮಸಭೆಗೆ ಶಾಲೆಯಿಂದ ಮೂವರು ಹೋದರು, ಅವಳೂ ಇದ್ದಳು. ಡ್ರಮ್ಮಿನ ಗೆರೆಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಹೋಗಿದ್ದಳು. ತುಟಿ ನಡುಗುತ್ತಿತ್ತು, ಓದುವಾಗ ಒಂದು ಸಾಲು ಬಿಟ್ಟುಹೋಯಿತು. ಕುಡಿಯುವ ನೀರಿಗೆ ನಲ್ಲಿ ಇರುವ ಟ್ಯಾಂಕ್ ಬೇಕು ಎಂದು ಕೇಳಿದಳು. ಅಲ್ಲಿದ್ದವರು ಬರೆದುಕೊಂಡರು. ಟ್ಯಾಂಕ್ ಮುಂದಿನ ವರ್ಷ ಬಂತು. ನಲ್ಲಿ ಎತ್ತರದಲ್ಲಿತ್ತು, ಒಂದನೇ ತರಗತಿಯವರಿಗೆ ಎಟುಕುವಂತೆ ಮುಂದೆ ಒಂದು ಕಲ್ಲು ಹಾಕಿದ್ದು ಮಕ್ಕಳೇ.

2025ರಲ್ಲಿ ಅವಳು ಐದನೇ ತರಗತಿ ಮುಗಿಸಿ ಪಕ್ಕದ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋದಳು. ಅದೇ ಜೂನ್‌ನಲ್ಲಿ ಆ ಅಜ್ಜಿಯ ಇನ್ನೊಬ್ಬ ಮೊಮ್ಮಗಳು ಒಂದನೇ ತರಗತಿಗೆ ಸೇರಿದಳು. ಕೊರಳಿಗೆ ಹೊಸ ನೀರಿನ ಬಾಟಲಿ ನೇತುಹಾಕಿ ಕಳಿಸಿದ್ದರು. ಈಗ ಎಷ್ಟೋ ಮಕ್ಕಳು ಬಾಟಲಿ ತರುತ್ತಾರೆ, ನಾನೇನೂ ಕೇಳಲಿಲ್ಲ. ಮೊದಲ ವಾರ ಟ್ಯಾಂಕಿನ ಹತ್ತಿರ ಸರದಿ ಇದ್ದದ್ದು ಕಾಲೋನಿಯ ಒಬ್ಬ ಹುಡುಗನದು. ಆ ಮಗು ಕಲ್ಲಿನ ಮೇಲೆ ಹತ್ತಿ ನಿಂತಿತ್ತು, ಬಾಟಲಿಯ ಮುಚ್ಚಳ ತೆಗೆಯಲು ಬರುತ್ತಿರಲಿಲ್ಲ. ಅವನು ತಿರುಗಿಸಿ ತೆಗೆದು, ನಲ್ಲಿಗೆ ಹಿಡಿದುಕೊಟ್ಟ.